ಕಿರ್ದಿಗೆ ಬಾರದ ಖರ್ಚು

ಹತ್ತು ಸಾವಿರ ರೂಪಾಯಿಯ ಕಥೆಯನ್ನು ಕೇಳಿರದ ಕನ್ನಡಿಗರು ವಿರಳ. 1981ರಲ್ಲಿ ಪುಣೆಯ ಮನೆಯೊಂದರಲ್ಲಿ ಶ್ರೀಮತಿ ಸುಧಾಮೂರ್ತಿಯವರು, ಕಷ್ಟಕಾಲಕ್ಕೆಂದು ಪತಿಗೂ ತಿಳಿಯದಂತೆ ಕೂಡಿಟ್ಟಿದ್ದ ಹಣದಲ್ಲಿ ಹತ್ತು ಸಾವಿರವನ್ನು ತೆಗೆದು ಶ್ರೀ ನಾರಾಯಣಮೂರ್ತಿಯವರ ಕೈಗಿತ್ತರು. ಅದೇ ಮೂಲಧನವಾಗಿ ಇನ್ಫೋಸಿಸ್ ಸಂಸ್ಥೆ ಆರಂಭವಾಯಿತು. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ, ವರ್ತಕರ ಸಂಘಗಳ ಸಮಾರಂಭಗಳಲ್ಲಿ, ಮಹಿಳಾ ಸಮಾಜಗಳಲ್ಲಿ ಈ ಕಥೆಯನ್ನು ಬಹುಕಾಲದಿಂದ ಹೇಳುತ್ತ ಬರಲಾಗಿದೆ. ಕೇಳುವವರ ಮನಸ್ಸಿನಲ್ಲಿ ಅದು ಪುರಾಣದ ಸ್ಥಾನವನ್ನೇ ಪಡೆದಿದೆ. ಪುರಾಣವಾದ ಕಥೆಗೆ ಒಂದು ತೊಂದರೆಯುಂಟು: ಅದರ ಲೆಕ್ಕವನ್ನು ಯಾರೂ ಪರಿಶೋಧಿಸುವುದಿಲ್ಲ.

2024ರ ಜನವರಿಯಲ್ಲಿ ಜಗರ್‌ನಾಟ್ ಪ್ರಕಾಶನದವರು ಹೊರತಂದ ‘ಆನ್ ಅನ್‌ಕಾಮನ್ ಲವ್’ ಎಂಬ ಇಂಗ್ಲಿಷ್ ಗ್ರಂಥ ಈ ಕಥೆಯ ಈವರೆಗಿನ ವಿಸ್ತಾರವಾದ ರೂಪಗಳಲ್ಲಿ ಒಂದು. ಬರೆದವರು ಚಿತ್ರಾ ಬ್ಯಾನರ್ಜಿ ದಿವಾಕರುಣಿ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಅಧ್ಯಾಪಕಿಯಾಗಿರುವ, ಕಾದಂಬರಿಗಾರ್ತಿಯಾಗಿ ಹೆಸರಾದವರು. ಮೂರ್ತಿ ದಂಪತಿಗಳ ವಿವಾಹಪೂರ್ವದ ಪರಿಚಯದಿಂದ ತೊಡಗಿ ಸಂಸ್ಥೆ ಕಟ್ಟಿದ ಆರಂಭದ ವರ್ಷಗಳವರೆಗಿನ ಬದುಕನ್ನು ಅವರು ಕಾದಂಬರಿಯ ಧಾಟಿಯಲ್ಲಿ, ಸಂಭಾಷಣೆ ಸನ್ನಿವೇಶಗಳೊಡನೆ ಹೇಳಿದ್ದಾರೆ. ಉದ್ಯಮವನ್ನು ಕಟ್ಟಿದವನೊಬ್ಬನ ಚರಿತ್ರೆಯಲ್ಲಿ ಅವನ ಪತ್ನಿಗೆ ಅರ್ಧ ಗ್ರಂಥವನ್ನು ಬಿಟ್ಟುಕೊಟ್ಟದ್ದು ನಮ್ಮಲ್ಲಿ ಅಪರೂಪದ ಸಂಗತಿ. ಸಾಮಾನ್ಯವಾಗಿ ಇಂತಹ ಗ್ರಂಥಗಳಲ್ಲಿ ಪತ್ನಿಯು ಅರ್ಪಣೆಯ ಪುಟದಲ್ಲಿ ಕಾಣಿಸಿಕೊಂಡು ಅಲ್ಲಿಯೇ ಮಾಯವಾಗುತ್ತಾಳೆ. ಈ ಒಂದು ಕಾರಣಕ್ಕಾಗಿಯೇ ಈ ಗ್ರಂಥ ಓದಲು ಯೋಗ್ಯವಾಗಿದೆ. ಅದೇ ಕಾರಣಕ್ಕಾಗಿ ಅದನ್ನು ವಿಮರ್ಶೆಯ ದೃಷ್ಟಿಯಿಂದ ನೋಡಬೇಕಾಗಿದೆ.

ಮೊದಲಿಗೆ ಸಂಗತಿಗಳು. ಪಟ್ನಿ ಕಂಪ್ಯೂಟರ್ ಸಂಸ್ಥೆಯಲ್ಲಿದ್ದ ನಾರಾಯಣಮೂರ್ತಿ ಮತ್ತು ಅವರ ಆರು ಮಂದಿ ಸಂಗಡಿಗರು 1981ರ ಜುಲೈಯಲ್ಲಿ ಸಂಸ್ಥೆಯನ್ನು ನೋಂದಾಯಿಸಿದರು. ಮೂರ್ತಿಯವರಿಗೆ ಇದು ಮೊದಲ ಸಾಹಸವಲ್ಲ. 1976ರಲ್ಲಿ ಪುಣೆಯಲ್ಲಿ ಅವರು ತೆರೆದಿದ್ದ ಸಾಫ್ಟ್ರಾನಿಕ್ಸ್ ಎಂಬ ಸಂಸ್ಥೆ ಒಂದೂವರೆ ವರ್ಷದಲ್ಲಿ ಮುಚ್ಚಿಹೋಗಿತ್ತು. ಎರಡನೆಯ ಸಾಹಸಕ್ಕೆ ಇಳಿಯುವಾಗ ಮನೆಯಲ್ಲಿ ಹಸುಗೂಸು. ಮೂರು ವರ್ಷ ಸಂಸಾರದ ಭಾರವನ್ನು ತಾವೇ ಹೊರುವುದಾಗಿ ಸುಧಾಮೂರ್ತಿಯವರು ಒಪ್ಪಿ, ವಾಲ್‌ಚಂದ್ ಸಮೂಹದಲ್ಲಿ ಉದ್ಯೋಗಕ್ಕೆ ಸೇರಿದರು. 1983ರಲ್ಲಿ ಬೆಂಗಳೂರಿನ ಮೈಕೋ ಕಾರ್ಖಾನೆಯ ಕೆಲಸ ದೊರೆತು ಸಂಸ್ಥೆ ಇಲ್ಲಿಗೆ ಬಂದಿತು. ಎರಡನೆಯ ಹೆರಿಗೆಗೆ ಅವರು ಹುಬ್ಬಳ್ಳಿಯ ತವರಿಗೆ ಹೋದರು. ಮಗು ಹುಟ್ಟಿದ ಹತ್ತನೆಯ ದಿನ ಮೂರ್ತಿಯವರು ಕೆಲಸದ ನಿಮಿತ್ತ ಅಮೆರಿಕಕ್ಕೆ ಹೊರಟರು. ಪತಿಪತ್ನಿಯರು ಮತ್ತೆ ಕಂಡದ್ದು ಒಂದು ವರ್ಷದ ಬಳಿಕ. ಮಗುವಿನ ಚರ್ಮವ್ಯಾಧಿಯ ಕಾರಣ, ಸೋಂಕು ತಗುಲೀತೆಂಬ ಭಯದಿಂದ ತಾಯಿ ವರ್ಷಕ್ಕೂ ಮಿಕ್ಕಿ ಹೊಸ್ತಿಲು ದಾಟಲಿಲ್ಲ. ಅನಂತರ ಬೆಂಗಳೂರಿನ ಜಯನಗರದಲ್ಲಿ ಎರಡು ಬಾಡಿಗೆ ಮನೆಗಳು, ಒಂದು ವಾಸಕ್ಕೆ, ಇನ್ನೊಂದು ಕಚೇರಿಗೆ. ಅಡುಗೆ, ಗುಮಾಸ್ತಿಕೆ, ಪ್ರೋಗ್ರಾಮ್ ಬರೆಯುವುದು ಎಲ್ಲವನ್ನೂ ಅವರು ಮಾಡಿದರು. ಪಾಲುದಾರರ ಪತ್ನಿಯರು ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿ ಆಡಿಸಿದರು, ಎಲ್ಲರಿಗೂ ಅಡುಗೆ ಮಾಡಿ ಬಡಿಸಿದರು. ಓಡಾಟಕ್ಕೆಂದು ಮಾವನವರು ಅಳಿಯನಿಗೆ ಒಂದು ಸ್ಕೂಟರ್ ಕೊಡಿಸಿದರು. ಈ ವಿವರಗಳನ್ನೆಲ್ಲ ಸುಧಾಮೂರ್ತಿಯವರು ಬಹು ಹಿಂದೆಯೇ ತಮ್ಮ ಬರಹದಲ್ಲಿ ಹೇಳಿಕೊಂಡಿದ್ದಾರೆ.

ಈಗ ಪ್ರಶ್ನೆ. ಮಾವನವರ ಸ್ಕೂಟರ್ ಯಾವ ಖಾತೆಗೆ ಸೇರಿತು? ನಗುವ ಮಾತಲ್ಲ. ವಾಣಿಜ್ಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠವೇ, ಪಡೆದುದಕ್ಕೆಲ್ಲ ಕೊಟ್ಟವನೊಬ್ಬನಿರುತ್ತಾನೆ ಎಂಬುದು. ಜಮಾ ಬರೆದ ಕಡೆ ಖರ್ಚೂ ಇರಬೇಕು. ಮೂರು ವರ್ಷ ಒಂದು ಸಂಸಾರವನ್ನು ನಡೆಸಿದ ಸಂಬಳದ ಮುಂದೆ ಹತ್ತು ಸಾವಿರ ರೂಪಾಯಿ ಸಣ್ಣ ಬಾಬು. ಬಾಡಿಗೆಯಿಲ್ಲದೆ ದೊರೆತ ಪುಣೆಯ ಮನೆಯ ಮುಂದಿನ ಕೋಣೆ, ಕೂಲಿಯಿಲ್ಲದ ಅಡುಗೆ, ಹುಬ್ಬಳ್ಳಿಯ ತವರುಮನೆಯವರು ಒಂದು ವರ್ಷ ಸಾಕಿದ ತಾಯಿ ಮಕ್ಕಳು, ಇವೆಲ್ಲ ಸೇರಿದರೆ ಆ ಸಂಸ್ಥೆಯ ನಿಜವಾದ ಮೂಲಧನ ಎಷ್ಟಾಗುತ್ತದೆಂದು ಯಾವ ಗ್ರಂಥವೂ ಹೇಳಿಲ್ಲ. ಕೈಯಿಂದ ಕೈಗೆ ದಾಟಿದ ನಗದು ಮಾತ್ರ ಕಥೆಯಲ್ಲಿ ಉಳಿಯಿತು, ಎಣಿಸಲು ಸುಲಭವಾದುದರಿಂದ.

ಲೆಕ್ಕ ಬಲ್ಲವರಿಗೆ ಒಂದು ಹಳೆಯ ದೋಷ ಗೊತ್ತಿದೆ. ಆಯಾ ವರ್ಷದ ಲಾಭದಿಂದ ಕಳೆಯಬೇಕಾದ ಖರ್ಚನ್ನು ಕಳೆಯದೆ, ಬಂಡವಾಳದ ಖಾತೆಗೆ ಒಯ್ದು ಆಸ್ತಿಯೆಂದು ತೋರಿಸುವುದು. ಆಗ ಅಢಾವೆ ಪತ್ರಿಕೆ ತುಂಬಿ ತುಳುಕುತ್ತದೆ. ಖರ್ಚಾದದ್ದು ಖರ್ಚಾಗಿಯೇ ಹೋಗಿರುತ್ತದೆ. ಉದ್ಯಮಸ್ಥಾಪಕರ ಜೀವನಚರಿತ್ರೆಗಳು ಮಾಡುವುದು ಇದನ್ನೇ. ಒಂದು ವರ್ಷ ತಂದೆಯನ್ನು ಕಾಣದ ಮಗು, ಒಂದು ವರ್ಷ ಹೊಸ್ತಿಲು ದಾಟದ ತಾಯಿ, ಇವು ನಡೆದ ದಿನ ಶುದ್ಧ ನಷ್ಟಗಳು. ಅಂದಿನ ಕಿರ್ದಿಯಲ್ಲಿ ಅವುಗಳ ನಮೂದಿಲ್ಲ. ಸಂಸ್ಥೆ ಗೆದ್ದು 1999ರಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್ ಪೇಟೆಯನ್ನು ಪ್ರವೇಶಿಸಿದ ಮೇಲೆ ಹಿಂತಿರುಗಿ ಬರೆಯುವಾಗ ಅದೇ ನಷ್ಟ ‘ತ್ಯಾಗ’ವೆಂಬ ಹೆಸರಿನಲ್ಲಿ ಆಸ್ತಿಯ ಕಡೆ ಬಂದು ಕೂರುತ್ತದೆ. ಸಾಫ್ಟ್ರಾನಿಕ್ಸಿನ ಒಂದೂವರೆ ವರ್ಷದಲ್ಲಿಯೂ ಯಾರೋ ಏನನ್ನೋ ಕಳೆದುಕೊಂಡಿರಲೇಬೇಕು. ಅದನ್ನು ಯಾರೂ ತ್ಯಾಗವೆಂದು ಕರೆದಿಲ್ಲ. ಗೆದ್ದವರ ಖರ್ಚಿಗೆ ಮಾತ್ರ ಈ ಮರ್ಯಾದೆ ಸಲ್ಲುತ್ತದೆ.

ದಿವಾಕರುಣಿಯವರ ಗ್ರಂಥ ಪ್ರಕಟವಾದಾಗ ಪತ್ರಿಕೆಗಳು ಬಹುವಾಗಿ ಎತ್ತಿ ಬರೆದ ಪ್ರಸಂಗವೊಂದಿದೆ. ಅಮೆರಿಕದ ಗಿರಾಕಿಯೊಬ್ಬ ತನ್ನ ಮನೆಯಲ್ಲಿ ನಾಲ್ಕು ಮಲಗುವ ಕೋಣೆಗಳಿದ್ದರೂ ಮೂರ್ತಿಯವರನ್ನು ಕಿಟಕಿಯಿಲ್ಲದ ಸಾಮಾನು ಕೋಣೆಯಲ್ಲಿ, ದೊಡ್ಡ ಪೆಟ್ಟಿಗೆಯೊಂದರ ಮೇಲೆ ಮಲಗಿಸಿದನಂತೆ. ಸಂಸ್ಥೆಯ ಹಿತಕ್ಕಾಗಿ ಅವರು ಸಹಿಸಿದರು. ಕೇಳಿದ ಪತ್ನಿ ಸಿಟ್ಟಾದರು. ಓದುಗರು ಮೆಚ್ಚಿದ್ದು ಸಹನೆಯನ್ನು. ಆದರೆ ಈ ಪ್ರಸಂಗದಲ್ಲಿ ಸರಿಯಾಗಿ ಲೆಕ್ಕ ಹಾಕಿದವರು ಸಿಟ್ಟಾದವರೇ. ಅವಮಾನವನ್ನು ಅವಮಾನವೆಂದು ಅಂದೇ ಬರೆದಿಟ್ಟವರು ಅವರೊಬ್ಬರು. ಲೇಖಕಿ ಈ ಸಿಟ್ಟನ್ನು ಪತ್ನಿಯ ಪ್ರೇಮದ ಗುರುತಾಗಿ ಓದುತ್ತಾರೆ. ಅದು ವಿವೇಕದ ಗುರುತೂ ಆಗಿತ್ತು.

ಗ್ರಂಥದ ನಿಜವಾದ ನೋವಿನ ಜಾಗ ಬೇರೆಯಿದೆ. ಸುಧಾಮೂರ್ತಿಯವರು ಸ್ವತಃ ಇಂಜಿನಿಯರು; ಟೆಲ್ಕೋ ಕಾರ್ಖಾನೆಯ ಮೊದಲ ಮಹಿಳಾ ಇಂಜಿನಿಯರೆಂದು ಹೆಸರಾದವರು; ಕಂಪ್ಯೂಟರ್ ವಿದ್ಯೆಯಲ್ಲಿ ಪಳಗಿದವರು. ಅವರನ್ನು ಆಡಳಿತ ಮಂಡಳಿಗೆ ತೆಗೆದುಕೊಳ್ಳಬೇಕೆಂದು ನಂದನ್ ನಿಲೇಕಣಿಯವರು ಸೂಚಿಸಿದಾಗ ಮೂರ್ತಿಯವರು ಒಪ್ಪಲಿಲ್ಲ. ಪತಿಪತ್ನಿ ಇಬ್ಬರೂ ಸಂಸ್ಥೆಯಲ್ಲಿರಕೂಡದು, ಬೇಕಿದ್ದರೆ ನೀನು ಸೇರು, ನಾನು ಹೊರಗುಳಿಯುತ್ತೇನೆ ಎಂಬುದು ಅವರ ನಿಲುವು. ಈ ಮಾತಿನಿಂದ ತಮಗಾದ ನೋವನ್ನು ಸುಧಾಮೂರ್ತಿಯವರು ಮುಚ್ಚಿಟ್ಟಿಲ್ಲ. ಅದರ ಹಿಂದಿನ ಕಾರಣವನ್ನು ಅರಗಿಸಿಕೊಳ್ಳಲು ದಿನಗಳೇ ಹಿಡಿದವೆಂದೂ, ಇಬ್ಬರೂ ಸಂಸ್ಥೆಗೆ ಪೂರ್ತಿ ತೊಡಗಿದರೆ ಮನೆ ಮಕ್ಕಳ ಗತಿಯೇನೆಂದು ಯೋಚಿಸಿ ಒಪ್ಪಿದೆನೆಂದೂ ಬರೆದಿದ್ದಾರೆ. ಬಂಧುವರ್ಗವನ್ನು ಉದ್ಯಮದಿಂದ ದೂರವಿಡಬೇಕೆಂಬ ತತ್ತ್ವ ಕೆಟ್ಟದ್ದೆಂದು ಯಾರೂ ಹೇಳಲಾರರು. ಮನೆತನದ ವ್ಯಾಪಾರಗಳ ಕಲಹಗಳನ್ನು ಕಂಡವರಿಗಂತೂ ಅದರ ಬೆಲೆ ತಿಳಿದಿದೆ. ಆದರೆ ಅಡುಗೆಮನೆಯಲ್ಲಿ, ಗುಮಾಸ್ತೆಯ ಕುರ್ಚಿಯಲ್ಲಿ ಪತ್ನಿಯ ದುಡಿಮೆಯನ್ನು ಪಡೆಯುವಾಗ ಈ ತತ್ತ್ವಕ್ಕೆ ಅಡ್ಡಿಯಾಗಲಿಲ್ಲ, ಮಂಡಳಿಯ ಕುರ್ಚಿ ಬಂದಾಗ ಮಾತ್ರ ಅಡ್ಡಿಯಾಯಿತು. ಗ್ರಂಥ ಈ ಅಸಮತೆಯನ್ನು ಕಾಣುತ್ತದೆ, ಹತ್ತಿರ ಹೋಗುತ್ತದೆ, ಪ್ರೇಮದ ಮಾತಿನಲ್ಲಿ ಅದನ್ನು ಕರಗಿಸಿ ಮುಂದೆ ಸಾಗುತ್ತದೆ. 2024ರ ಆರಂಭದಲ್ಲಿ, ಗ್ರಂಥದ ಬಿಡುಗಡೆಯ ದಿನಗಳಲ್ಲಿಯೇ, ಮೂರ್ತಿಯವರು ಬಹಿರಂಗವಾಗಿ ಆ ನಿರ್ಧಾರ ತಪ್ಪಾಗಿತ್ತು, ಅದು ದಾರಿ ತಪ್ಪಿದ ಆದರ್ಶ ಎಂಬ ಅರ್ಥದ ಮಾತನ್ನಾಡಿದರು. ಪತ್ನಿ ತಮಗಿಂತ ಹೆಚ್ಚು ಅರ್ಹರಾಗಿದ್ದರೆಂದೂ ಹೇಳಿದರು. ಹೀಗೆ ಹೇಳಲು ದೊಡ್ಡ ಮನಸ್ಸು ಬೇಕು. ಆದರೆ ನಲವತ್ತು ವರ್ಷಗಳ ಬಾಕಿಯ ಪುಟವನ್ನು ತೆರೆದವರು ಜೀವನಚರಿತ್ರಕಾರರಲ್ಲ, ಸಾಲಗಾರರೇ!

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಆ ದಿನಗಳು ಸಂತೋಷದ ದಿನಗಳಾಗಿದ್ದವು, ಎಲ್ಲರೂ ಒಂದೇ ಕುಟುಂಬದಂತಿದ್ದೆವು ಎಂದು ಸುಧಾಮೂರ್ತಿಯವರೇ ಹೇಳಿರುವಾಗ ಇತರರು ಏಕೆ ದುಃಖಪಡಬೇಕು? ಮಾತು ಸರಿ. ಅವರು ಒಪ್ಪಿ ಕೊಟ್ಟರು, ಪ್ರೀತಿಯಿಂದ ಕೊಟ್ಟರು. ಅದರಲ್ಲಿ ಮೂರನೆಯವರು ತಲೆಹಾಕುವ ಅಗತ್ಯವಿಲ್ಲ. ಆದರೆ ಒಬ್ಬರು ತಮ್ಮ ಮನೆಯೊಳಗೆ ಮಾಡಿಕೊಂಡ ಒಪ್ಪಂದವು ಗ್ರಂಥವಾಗಿ, ಭಾಷಣವಾಗಿ ಊರಿಗೆಲ್ಲ ಹಂಚಿಕೆಯಾದಾಗ ಅದು ವಿಧಿಯಾಗುತ್ತದೆ. ವೈಟ್‌ಫೀಲ್ಡಿನ ಬಾಡಿಗೆ ಮನೆಯಲ್ಲಿ ನವೋದ್ಯಮವೊಂದನ್ನು ತೆರೆದ ಮೂವತ್ತು ವರ್ಷದ ಯುವಕನು ತನ್ನ ಪತ್ನಿಯ ಸಂಬಳವನ್ನು ನೆಚ್ಚುವಾಗ, ಅವಳು ಇವರಂತೆ ಒಪ್ಪಿದ್ದಾಳೆಯೇ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಕಥೆ ಅವನ ಪರವಾಗಿ ಆಗಲೇ ಒಪ್ಪಿಗೆಯನ್ನು ಪಡೆದಿಟ್ಟಿರುತ್ತದೆ.

ಇದೇ ಕಥಾಸಮೂಹಕ್ಕೆ ಸೇರಿದ ಇನ್ನೊಂದು ಪ್ರಸಂಗವನ್ನು ಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮುಂದೆ ಹೇಳಿದರು. 1990ರ ಚಳಿಗಾಲದ ಒಂದು ಬೆಳಗ್ಗೆ, ಬೆಂಗಳೂರಿನ ಕಚೇರಿಯಲ್ಲಿ ಏಳರಲ್ಲಿ ಐವರು ಸಂಸ್ಥಾಪಕರು ಸೇರಿದ್ದರು. ಸಂಸ್ಥೆಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವವರಿದ್ದರು. ಒಂಬತ್ತು ವರ್ಷ ದುಡಿದು ದಣಿದವರಿಗೆ ಮಾರಿಬಿಡುವುದೇ ಲೇಸೆನಿಸಿತು. ಎಲ್ಲರ ಮಾತು ಮುಗಿದ ಮೇಲೆ ಮೂರ್ತಿಯವರು, ನಿಮ್ಮೆಲ್ಲರ ಪಾಲನ್ನೂ ನಾನೇ ಕೊಳ್ಳುತ್ತೇನೆ ಎಂದರು, ಕೈಯಲ್ಲಿ ಹಣವಿರಲಿಲ್ಲ. ಒಂದು ಗಂಟೆಯೊಳಗೆ ಎಲ್ಲರ ಮನಸ್ಸು ತಿರುಗಿತು. ಸಭೆಗಳಲ್ಲಿ ಚಪ್ಪಾಳೆ ಬೀಳುವುದು ಈ ಘಟ್ಟಕ್ಕೆ.

ಮಾರೋಣ ಎಂದವರ ಮಾತಿನಲ್ಲಿ ಏನಿತ್ತು ಎಂಬುದನ್ನು ಕಥೆ ಅವಸರದಲ್ಲಿ ದಾಟುತ್ತದೆ. ಅವರು ಹೇಡಿಗಳಾಗಿರಲಿಲ್ಲ. ಸ್ವಂತ ಮನೆಯಿಲ್ಲದೆ, ಕಾರಿಲ್ಲದೆ, ಓರಗೆಯವರು ವಿದೇಶಗಳಲ್ಲಿ ನೆಲೆಯಾಗುವುದನ್ನು ನೋಡುತ್ತ ಒಂಬತ್ತು ವರ್ಷ ಕಳೆದಿದ್ದರು. ಏಳನೆಯವರಾದ ಅಶೋಕ್ ಅರೋರಾ ಅದಾಗಲೇ, 1989ರಲ್ಲಿ, ಸಂಸ್ಥೆಯನ್ನು ಬಿಟ್ಟಿದ್ದರು. ದಣಿದವರ ಅಂದಾಜು ತಪ್ಪೇನೂ ಆಗಿರಲಿಲ್ಲ: ಮೂರು ವರ್ಷಗಳ ಬಳಿಕ, 1993ರಲ್ಲಿ, ಪಾಲಿಗೆ 95 ರೂಪಾಯಿಯಂತೆ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟಾಗಲೂ ಅವು ಪೂರ್ತಿಯಾಗಿ ಬಿಕರಿಯಾಗಲಿಲ್ಲ, ಮಾರ್ಗನ್ ಸ್ಟಾನ್ಲಿ ಸಂಸ್ಥೆ ಶೇಕಡಾ 13ರಷ್ಟನ್ನು ಕೊಂಡು ಮಾನ ಉಳಿಸಬೇಕಾಯಿತು. 1990ರ ಆ ಬೆಳಗ್ಗೆ ಲೆಕ್ಕಾಚಾರ ದಣಿದವರ ಕಡೆಗಿತ್ತು. ಅದೇ ಬೆಳಗ್ಗೆ ಬೇರೆ ಕಚೇರಿಗಳಲ್ಲಿ ಬೇರೆ ಸಂಸ್ಥಾಪಕರೂ ಇಂತಹದೇ ವೀರವಾಕ್ಯವನ್ನಾಡಿರಬಹುದು. ಅವರ ಸಂಸ್ಥೆಗಳು ಮುಳುಗಿದುದರಿಂದ ಅವರನ್ನು ಯಾವ ವಿಶ್ವವಿದ್ಯಾಲಯವೂ ಭಾಷಣಕ್ಕೆ ಕರೆದಿಲ್ಲ.

ಸಂಸ್ಥೆ 1994ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂದಿತು. ಕಿಯೋನಿಕ್ಸ್ ಸಂಸ್ಥೆಯನ್ನು ಕಟ್ಟಿದ ಆರ್.ಕೆ. ಬಾಳಿಗರು ಎಪ್ಪತ್ತರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಸುಮಾರು 330 ಎಕರೆ ನೆಲದಲ್ಲಿ ರೂಪಿಸಿದ ಆ ಬಡಾವಣೆ ಇಂದು ಮೂರ್ತಿಯವರ ಕಥೆಯ ಶಿಲಾಶಾಸನದಂತಿದೆ. ಅಲ್ಲಿ ಕೆಲಸ ಮಾಡುವ, ಮಾಡಿ ಬಿಟ್ಟು ಸ್ವಂತದ್ದನ್ನು ತೆರೆಯುವ ತರುಣರ ಮೇಲೆ ಆ ಕಥೆಯ ನೆರಳು ಬೀಳದಿರುವುದು ಅಸಾಧ್ಯ. 2023ರ ಅಕ್ಟೋಬರಿನಲ್ಲಿ ಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದಾಗ ಪರ ವಿರೋಧ ಚರ್ಚೆ ಜೋರಾಗಿ ನಡೆಯಿತು. ದುಡಿಮೆಯಿಂದ ದೇಹಕ್ಕೇನಾಗುತ್ತದೆ, ಉತ್ಪಾದನೆ ಹೆಚ್ಚುತ್ತದೆಯೇ ಎಂದು ವಾದಿಸಿದರು. ಸಾದಾ ಕೂಡಿಸುವ ಕಳೆಯುವ ಲೆಕ್ಕವನ್ನು ಮಾಡಿದವರು ಕಡಿಮೆ. ವಾರಕ್ಕೆ 168 ಗಂಟೆ. ದುಡಿಮೆಗೆ 70, ನಿದ್ರೆಗೆ 50 ಕಳೆಯಿರಿ. ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟಿನಲ್ಲಿ ಬಂದ ಮೇಲೂ ಹೋಗಿಬರುವುದಕ್ಕೆ ಹತ್ತು ಹದಿನೈದು ಗಂಟೆ ಇಟ್ಟುಕೊಳ್ಳಬೇಕು. ಉಳಿದ ಮೂವತ್ತಮೂರು ಗಂಟೆಗಳಲ್ಲಿ ಸ್ನಾನ, ಊಟ, ಮಕ್ಕಳ ಶಾಲೆ, ತಂದೆತಾಯಿಗಳ ವೈದ್ಯ, ಗ್ಯಾಸು, ಬಾಡಿಗೆ, ಬಟ್ಟೆ, ಹಬ್ಬ, ನೆಂಟರು. ಇವು ಅಷ್ಟರಲ್ಲಿ ಹಿಡಿಸುವುದಿಲ್ಲ. ಹಿಡಿಸದೆ ಉಳಿದದ್ದನ್ನು ಯಾರೋ ಮಾಡುತ್ತಿರುತ್ತಾರೆ. ಎಪ್ಪತ್ತು ಗಂಟೆಯ ಪ್ರತಿಯೊಬ್ಬನ ಹಿಂದೆಯೂ ಸಂಬಳವಿಲ್ಲದೆ ಎಪ್ಪತ್ತು ಗಂಟೆ ದುಡಿಯುವ ಇನ್ನೊಬ್ಬರಿರುತ್ತಾರೆ; ಉಪದೇಶದಲ್ಲಿ ಅವರ ಹೆಸರಿರುವುದಿಲ್ಲ.

ಸಿನಿಮಾದವರ ವಿಷಯವನ್ನು ಹೆಚ್ಚು ಹೇಳಬೇಕಾಗಿಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ನಿನ ಕಥೆ 2020ರಲ್ಲಿ ‘ಸೂರರೈ ಪೋಟ್ರು’ ಎಂಬ ತಮಿಳು ಚಿತ್ರವಾಯಿತು. ವಿಮಾನ ಕೊನೆಗೆ ಹಾರುತ್ತದೆಂದು ಗೊತ್ತಿರುವುದರಿಂದ ನಾಯಕನ ಕಣ್ಣೀರನ್ನು ಎಷ್ಟು ಬೇಕಾದರೂ ಸುರಿಸಬಹುದು. 2007ರಲ್ಲಿ ಆ ಸಂಸ್ಥೆಯ ಪಾಲು ಕಿಂಗ್‌ಫಿಷರ್ ಒಡೆಯರ ಕೈಸೇರಿದ್ದು, ಮರುವರ್ಷ ಹೆಸರೂ ಅಳಿದದ್ದು, 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳೇ ನೆಲಕಚ್ಚಿದ್ದು ಚಿತ್ರಕಥೆಗೆ ಒಗ್ಗುವ ಸಂಗತಿಗಳಲ್ಲ.

ಗೆದ್ದವರ ಗ್ರಂಥಗಳಿಂದ ಕಣ್ಣೆತ್ತಿ ಪೀಣ್ಯದ ಕಡೆ ನೋಡಿದರೆ ಗ್ರಂಥವೇ ಇಲ್ಲ. ಲೇತು, ಮಿಲ್ಲಿಂಗ್ ಯಂತ್ರಗಳ ಸಣ್ಣ ಸಣ್ಣ ಶೆಡ್ಡುಗಳಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಉದ್ಯಮಿಗಳು ಅಲ್ಲಿ ಎಪ್ಪತ್ತರ ದಶಕದಿಂದ ಇದ್ದಾರೆ. ಅವರನ್ನು ಯಾರೂ ನವೋದ್ಯಮಿಗಳೆಂದು ಕರೆಯಲಿಲ್ಲ. ಸಂಸ್ಥೆ ಕಟ್ಟುವ ಸಂಕಟವೇನೋ ಅದೇ. ಮಾಲು ಕೊಟ್ಟು ತಿಂಗಳುಗಟ್ಟಲೆ ಹಣಕ್ಕೆ ಕಾಯುವುದು, ಶನಿವಾರದ ಬಟವಾಡೆಗೆ ಮನೆಯ ಒಡವೆ ಅಡವಿಡುವುದು, ಬ್ಯಾಂಕಿನ ಜಾಮೀನಿಗೆ ಪತ್ನಿಯ ರುಜು ಹಾಕಿಸುವುದು. 2006ರ ಕಾಯಿದೆ ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂದಿತು; ಅದಕ್ಕೆ ಹಲ್ಲು ಬರಲು ಆದಾಯ ತೆರಿಗೆಯ ಕಾಯಿದೆಗೆ 2023ರಲ್ಲಿ ತಿದ್ದುಪಡಿ ತರಬೇಕಾಯಿತು. ನಡುವೆ 2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಬೀಗಮುದ್ರೆ. ಸೀಮಿತ ಹೊಣೆಗಾರಿಕೆಯ ಕಂಪನಿ ಎಂದು ಫಲಕದಲ್ಲಿ ಬರೆದಿರುತ್ತದೆ. ಆದರೆ ಸಂಸ್ಥಾಪಕನ ಸ್ವಂತ ಜಾಮೀನಿಲ್ಲದೆ ಬ್ಯಾಂಕು ಸಾಲ ಕೊಡುವುದು ಅಪರೂಪ, ಜಾಮೀನು ಕೊಟ್ಟ ದಿನವೇ ಆ ಮಿತಿ ಅಳಿಸಿಹೋಗುತ್ತದೆ. ಕಂಪನಿಯ ಸಾಲಕ್ಕೆ ಜಾಮೀನಾದ ವ್ಯಕ್ತಿಗಳ ಮೇಲೆಯೂ ದಿವಾಳಿ ಸಂಹಿತೆಯಂತೆ ಕ್ರಮ ಜರುಗಿಸಬಹುದೆಂಬ ನಿಯಮ 2019ರ ಡಿಸೆಂಬರಿನಿಂದ ಜಾರಿಗೆ ಬಂದು, 2021ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಮನೆಯ ಕ್ರಯಪತ್ರ ಬ್ಯಾಂಕಿನಲ್ಲಿದೆಯೆಂಬುದನ್ನು ವರ್ಷಗಟ್ಟಲೆ ಮನೆಯವರಿಗೆ ಹೇಳದವರು ಇದ್ದಾರೆ. ಹೇಳದಿರುವುದನ್ನು ಅವರು ಗಂಡಸುತನವೆಂದು ತಿಳಿದಿದ್ದಾರೆ. ಈ ತಿಳಿವಳಿಕೆಯಲ್ಲಿ ವೀರಗ್ರಂಥಗಳ ಪಾಲು ಸ್ವಲ್ಪವಾದರೂ ಇದೆ.

ಹೇಳದಿರುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿ ಒಂದು ದಾಖಲೆಯಿದೆ. ಅದು ಗ್ರಂಥವಲ್ಲ, ಒಂದು ಪುಟದ ಟೈಪು ಮಾಡಿದ ಪತ್ರ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದವರು. ಮೈಸೂರು ರಸ್ತೆಯಾಚೆ ಗ್ಲೋಬಲ್ ವಿಲೇಜ್ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದವರು. 1999ರಲ್ಲಿ ಹತ್ತು ಮಂದಿ ಸೇರಿ ಆರಂಭಿಸಿದ ಮೈಂಡ್‌ಟ್ರೀ ಸಂಸ್ಥೆಗೆ ಮೊದಲಿನಿಂದ ಹಣ ಹೂಡಿದವರು. ಸಾಲದ ಒತ್ತಡ ಹೆಚ್ಚಿ 2019ರ ಮಾರ್ಚಿಯಲ್ಲಿ ಅವರು ಮೈಂಡ್‌ಟ್ರೀಯ ಶೇಕಡಾ 20ರಷ್ಟು ಪಾಲನ್ನು ಸುಮಾರು 3,269 ಕೋಟಿ ರೂಪಾಯಿಗೆ ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ ಮಾರಿದರು. ಆ ಮಾರಾಟದಿಂದ ಮೈಂಡ್‌ಟ್ರೀಯ ಸಂಸ್ಥಾಪಕರು ತಾವು ಇಪ್ಪತ್ತು ವರ್ಷ ಬೆಳೆಸಿದ ಸಂಸ್ಥೆಯ ಹಿಡಿತವನ್ನು ಕಳೆದುಕೊಂಡರು. ಅವರ ವಿರೋಧ ಫಲಿಸಲಿಲ್ಲ, ಜುಲೈಯಲ್ಲಿ ಮೂವರು ಹಿರಿಯರು ರಾಜೀನಾಮೆ ಕೊಟ್ಟರು. ಒಬ್ಬ ಸಂಸ್ಥಾಪಕನ ಸಾಲವು ಇನ್ನೊಂದು ಸಂಸ್ಥೆಯ ಸಂಸ್ಥಾಪಕರ ಕಾಲಡಿಯ ನೆಲವನ್ನು ಮಾರಿಸಿತು. ಅದೇ ಜುಲೈ 29ರಂದು ಸಿದ್ಧಾರ್ಥ ಮಂಗಳೂರಿನ ಬಳಿ ಕಾಣೆಯಾದರು. 31ರಂದು ಅವರ ಮೃತದೇಹ ದೊರೆಯಿತು.

ಅವರ ಹೆಸರಿನಲ್ಲಿ ಪ್ರಕಟವಾದ ಪತ್ರದಲ್ಲಿ ಹೂಡಿಕೆದಾರರ, ಸಾಲಿಗರ, ತೆರಿಗೆ ಅಧಿಕಾರಿಗಳ ಒತ್ತಡದ ಮಾತಿದೆ. ತೆರಿಗೆ ಇಲಾಖೆ ತಾನು ಕಾನೂನಿನಂತೆ ನಡೆದೆನೆಂದಿತು, ಪತ್ರದ ರುಜುವಿನ ಬಗೆಗೂ ಸಂದೇಹ ಸೂಚಿಸಿತು. ಆ ವಿವಾದವನ್ನು ಬದಿಗಿಟ್ಟು ಪತ್ರವನ್ನು ಒಂದು ಬರಹವಾಗಿ ಓದಿದರೆ ಕಣ್ಣಿಗೆ ಹೊಡೆಯುವ ಸಂಗತಿ ಎರಡು. ಐವತ್ತು ಸಾವಿರ ಉದ್ಯೋಗಗಳನ್ನು ಸೃಷ್ಟಿಸಿದ ಲೆಕ್ಕವನ್ನು ಕೊಟ್ಟ ಕೂಡಲೇ ಅದು ತನ್ನ ಬರಹಗಾರನನ್ನು ಸೋತ ಉದ್ಯಮಿಯೆಂದು ಕರೆಯುತ್ತದೆ. ಎರಡನೆಯದಾಗಿ, ತಪ್ಪುಗಳೆಲ್ಲಕ್ಕೂ ತಾನೊಬ್ಬನೇ ಹೊಣೆ, ವ್ಯವಹಾರಗಳನ್ನು ಲೆಕ್ಕಪರಿಶೋಧಕರಿಗೂ ಸಹೋದ್ಯೋಗಿಗಳಿಗೂ ತಿಳಿಸಿಲ್ಲ, ಮನೆಯವರಿಂದಲೂ ಮುಚ್ಚಿಟ್ಟಿದ್ದೇನೆ ಎನ್ನುತ್ತದೆ. ಇದನ್ನು ಹಲವರು ಔದಾರ್ಯವೆಂದು ಕೊಂಡಾಡಿದರು. ಔದಾರ್ಯದ ಅಂಶ ಇದ್ದೀತು. ಆದರೆ ಲಾಭವನ್ನು ನನ್ನದೆನ್ನುವುದು ಪರಿಗ್ರಹವಾದರೆ, ನಷ್ಟವನ್ನೂ ಪೂರ್ತಿಯಾಗಿ ನನ್ನದೇ ಎಂದು ಯಾರಿಗೂ ಹಂಚದೆ ಅಪ್ಪಿಕೊಳ್ಳುವುದು ಅದೇ ಮಮಕಾರದ ಇನ್ನೊಂದು ಮುಖ. ಮೂವತ್ತೇಳು ವರ್ಷಗಳ ವ್ಯವಹಾರವುಳ್ಳ ಮನುಷ್ಯನಿಗೆ, ಆಸ್ತಿ ಸಾಲಕ್ಕಿಂತ ಹೆಚ್ಚಿದೆಯೆಂದು ಅದೇ ಪತ್ರದಲ್ಲಿ ತಿಳಿಸುವ ಮನುಷ್ಯನಿಗೆ, ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಇದರಲ್ಲಿ ಏನು ಮಾಡೋಣ ಎಂದು ಕೇಳಬಹುದಾದ ಒಬ್ಬ ವ್ಯಕ್ತಿ ಇರಲಿಲ್ಲವೆಂಬುದು ನಂಬಲು ಕಷ್ಟ. ಇದ್ದರು, ಕೇಳುವುದು ಸಾಧ್ಯವೆಂದು ಅವರಿಗೆ ಅನಿಸಲಿಲ್ಲ. ಸಂಸ್ಥಾಪಕನಾದವನು ಕೊನೆಯ ಗಳಿಗೆಯವರೆಗೂ ಒಬ್ಬನೇ ನಿಲ್ಲಬೇಕು, 1990ರ ಬೆಳಗಿನಂತೆ ಕೈಯಲ್ಲಿ ಹಣವಿಲ್ಲದಿದ್ದರೂ ಎಲ್ಲರ ಪಾಲನ್ನೂ ನಾನೇ ಕೊಳ್ಳುತ್ತೇನೆ ಎನ್ನಬೇಕು ಎಂಬ ಪಾಠವನ್ನು ಈ ಊರಿನ ಗಾಳಿಯೇ ಕಲಿಸುತ್ತದೆ. ಅಲ್ಲಿ ಅದು ಚಪ್ಪಾಳೆಗೆ ಒದಗಿತು.

‘ಆನ್ ಅನ್‌ಕಾಮನ್ ಲವ್’ ಗ್ರಂಥದ ಪಕ್ಕದಲ್ಲಿ ಈ ಪತ್ರವನ್ನಿಟ್ಟು ಓದುವುದು ಕ್ರೂರವೆಂದು ಕೆಲವರಿಗೆ ತೋರಬಹುದು. ಆದರೆ ಎರಡೂ ಒಂದೇ ಊರಿನ, ಒಂದೇ ತಲೆಮಾರಿನ ಬರಹಗಳು. ಎರಡರಲ್ಲಿಯೂ ಮನೆಯೊಡತಿಗೆ ಪುಸ್ತಕ ತೋರಿಸುವ ಪ್ರಶ್ನೆಯೇ ಮುಖ್ಯ. ಒಬ್ಬರು ಮಂಡಳಿಗೆ ಅರ್ಹರಾಗಿದ್ದರೂ ಹೊರಗೆ ಉಳಿದರು. ಇನ್ನೊಬ್ಬರು, ಮಾಳವಿಕಾ ಹೆಗ್ಡೆಯವರು, ಕಾಫಿ ಡೇ ಸಂಸ್ಥೆಯ ಮಂಡಳಿಯಲ್ಲಿಯೇ ನಿರ್ದೇಶಕಿಯಾಗಿದ್ದರು. ಪತ್ರದ ಮಾತನ್ನು ನಂಬುವುದಾದರೆ, ಅವರಿಗೂ ಪೂರ್ಣ ಲೆಕ್ಕ ಗೊತ್ತಿರಲಿಲ್ಲ. ಸಂಸ್ಥೆ ನೇಮಿಸಿದ ತನಿಖೆಯ ವರದಿ 2020ರ ಜುಲೈಯಲ್ಲಿ ಬಂದಾಗ, ಸಿದ್ಧಾರ್ಥರ ಖಾಸಗಿ ಕಂಪನಿಯೊಂದರಿಂದ ಸಮೂಹಕ್ಕೆ ಬರಬೇಕಾದ 2,693 ಕೋಟಿ ರೂಪಾಯಿಯ ಬಾಕಿ ಬೆಳಕಿಗೆ ಬಂದಿತು. ಡಿಸೆಂಬರಿನಲ್ಲಿ ಮಾಳವಿಕಾ ಹೆಗ್ಡೆಯವರು ಮುಖ್ಯ ಕಾರ್ಯನಿರ್ವಾಹಕಿಯಾಗಿ ಪುಸ್ತಕಗಳನ್ನು ಕೈಗೆತ್ತಿಕೊಂಡರು. ಗ್ಲೋಬಲ್ ವಿಲೇಜ್ ಅದಾಗಲೇ ಮಾರಾಟವಾಗಿತ್ತು. ನಷ್ಟದ ಅಂಗಡಿಗಳನ್ನು ಮುಚ್ಚಲಾಯಿತು. 2019ರ ಮಾರ್ಚಿಯಲ್ಲಿ ಸುಮಾರು 7,200 ಕೋಟಿಯಿದ್ದ ಸಮೂಹದ ಸಾಲ 2022ರ ಮಾರ್ಚಿಯ ಹೊತ್ತಿಗೆ ಸುಮಾರು 1,800 ಕೋಟಿಗೆ ಇಳಿದಿತ್ತು.